ಏಣಿ ತರಬೇತಿಗೆ ಹೋಗಿದ್ದಾಗ ಅನುಸರಿಸತಕ್ಕ ಕ್ರಮಗಳು

ಸುರಕ್ಷತಾ ವಿಭಾಗ
(ಕಾರ್ಖಾನೆಯ ಹಿಂಬದಿ, ಜನರೇಟರ್ ಕೋಣೆಯ ಪಕ್ಕ), ನಾಗಸಂದ್ರ, ಬೆಂಗಳೂರು

ಸಂಖ್ಯೆ: ಸುವಿ/ಏಣಿ/ಗೈಹಾ/03
ದಿನಾಂಕ: ಏಣಿ ಮರಳಿ ಬಂದ ಮರುದಿನ

ಸುತ್ತೋಲೆ

ವಿಷಯ: ಕಾರ್ಖಾನೆಯ ಏಕೈಕ ಏಣಿಯನ್ನು ಸುರಕ್ಷತಾ ವಿಭಾಗವು ತರಬೇತಿಗೆ ಒಯ್ದಿದ್ದಾಗ, ಪ್ಯಾಕಿಂಗ್ ವಿಭಾಗದ ಗುತ್ತಿಗೆ ಕಾರ್ಮಿಕ ಸಿದ್ರಾಮಪ್ಪ ಅವರು ಡ್ರಮ್ಮಿನ ಮೇಲಿಟ್ಟ ಕುರ್ಚಿಯಿಂದ ಬಿದ್ದು ಬಲಗಾಲಿನ ಮೂಳೆ ಮುರಿದುಕೊಂಡಿರುವ ಬಗ್ಗೆ.

ಉಲ್ಲೇಖ:
(ಅ) ಸುರಕ್ಷತಾ ಅಧಿಕಾರಿಗಳ ವೃತ್ತಿ ವಿಕಾಸ ಕಾರ್ಯಾಗಾರದ ಆಹ್ವಾನ ಪತ್ರಿಕೆ.
(ಆ) ವ್ಯವಸ್ಥಾಪಕರಾದ ಶ್ರೀ ಅಶ್ವತ್ಥ್ ಅವರ ಮೌಖಿಕ ಆದೇಶ: “ಏನಾದ್ರೂ ಒಂದ್ ಸರ್ಕ್ಯುಲರ್ ಹಾಕಿ ಮುಗಿಸ್ಬಿಡಿ ಮೇಡಂ.”

ಪ್ರಸ್ತಾವನೆ:

ಮೇಲ್ಕಂಡ ಕಾರ್ಯಾಗಾರವು ಬಾಗಲೂರಿನ ಕಲ್ಯಾಣ ಮಂಟಪವೊಂದರಲ್ಲಿ ಏರ್ಪಾಡಾಗಿದ್ದು, ಈ ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಶ್ರೀಮತಿ ತೇಜಸ್ವಿನಿ ಅವರು (ಈ ಸುತ್ತೋಲೆಯ ಕರಡು ಬರೆಯುತ್ತಿರುವವರೂ ಅವರೇ) ‘ಎತ್ತರದ ಕೆಲಸದಲ್ಲಿ ಉತ್ತಮ ರೂಢಿಗಳು’ ಎಂಬ ವಿಷಯವಾಗಿ ಪ್ರಾತ್ಯಕ್ಷಿಕೆ ನೀಡಲು ನಿಯೋಜಿತರಾಗಿದ್ದರು. ಪ್ರಾತ್ಯಕ್ಷಿಕೆಗೆ ಏಣಿ ಬೇಕಿತ್ತು. ಕಾರ್ಖಾನೆಯಲ್ಲಿ ಇದ್ದದ್ದು ಒಂದೇ ಏಣಿ. ಅದನ್ನು ಟೆಂಪೋಗೆ ಬಿಗಿದು, ಹಿಂದಕ್ಕೆ ಚಾಚಿದ ತುದಿಗೆ ನಿಯಮದಂತೆ ಕೆಂಪು ಬಟ್ಟೆ ಕಟ್ಟಿ ಒಯ್ಯಲಾಯಿತು. ಕೆಂಪು ಬಟ್ಟೆ ಮರೆಯದಿದ್ದ ತಮ್ಮ ಜಾಗರೂಕತೆಗೆ ಅಧಿಕಾರಿಯವರು ಹೆಬ್ಬಾಳದ ಮೇಲ್ಸೇತುವೆ ದಾಟುವವರೆಗೂ ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡಿರುತ್ತಾರೆ. ಅಲ್ಲಿ ವಾಹನಗಳು ನಿಂತಲ್ಲೇ ನಿಂತಿದ್ದರಿಂದ ತಟ್ಟಿಕೊಳ್ಳಲು ಧಾರಾಳ ಸಮಯವೂ ದೊರೆತಿರುತ್ತದೆ.

ಅಧಿಕಾರಿಯವರು ಏಣಿಯ ಮೇಲೆ ನಿಂತು, ಎರಡು ಕಾಲು ಒಂದು ಕೈ, ಅಥವಾ ಎರಡು ಕೈ ಒಂದು ಕಾಲು, ಹೀಗೆ ದೇಹದ ಮೂರು ಭಾಗಗಳು ಸದಾ ಏಣಿಗೆ ತಾಗಿರತಕ್ಕದ್ದೆಂದು ಬೋಧಿಸಿ, ಭಾರೀ ಚಪ್ಪಾಳೆ ಗಿಟ್ಟಿಸಿದರು. ಅತ್ತ ಕಾರ್ಖಾನೆಯಲ್ಲಿ ಒಂದು ಟ್ಯೂಬ್‌ಲೈಟ್ ಕೆಟ್ಟಿತ್ತು. ಏಣಿ ಕೇಳಿದ ಸಿದ್ರಾಮಪ್ಪ ಅವರಿಗೆ ಮೇಲ್ವಿಚಾರಕರು “ಏಣಿ ಇಲ್ದಿದ್ರೆ ಏನ್ ಗುರು, ಡ್ರಮ್ ಇಲ್ವಾ? ಮೇಲೊಂದ್ ಕುರ್ಚಿ ಹಾಕ್ಕೊಂಡು ಹತ್ತು” ಎಂಬ ತಾಂತ್ರಿಕ ಸಲಹೆ ನೀಡಿದರು. ಸಿದ್ರಾಮಪ್ಪ ಹತ್ತಿದರು. ಡ್ರಮ್ಮಿಗೆ ತರಬೇತಿ ಆಗಿರಲಿಲ್ಲ.

ಸಂಜೆ ಕೊರಳಲ್ಲಿ ಬ್ಯಾಡ್ಜು, ಕೈಯಲ್ಲಿ ಪ್ರಶಸ್ತಿಪತ್ರ ಸಮೇತ ಅಧಿಕಾರಿಯವರು ಗೇಟಿನಲ್ಲಿಳಿದಾಗ, ಕಸ ಗುಡಿಸುವ ಮುನಿವೆಂಕಟಮ್ಮ ಅವರು “ಅಲ್ಲ ಕಣಮ್ಮೋ, ಬೀಳದಂಗೆ ಅತ್ತೋದು ಎಂಗೆ ಅಂತ ಏಳ್ಕೊಡಕ್ಕೆ ಏಣೀನೇ ಒತ್ಕೊಂಡೋದ್ರಲ್ಲ, ಇಲ್ಲಿ ಅತ್ತೋರ್ಗೆ ಏನ್ ಬುಟ್ಟೋಗಿದ್ರಿ?” ಎಂದು ಆಕ್ಷೇಪಣೆ ಸಲ್ಲಿಸಿದ್ದು, ಅದಕ್ಕೆ ಸಮಂಜಸ ಉತ್ತರವನ್ನು ವಿಭಾಗದ ಕಡತಗಳಲ್ಲಿ ಹುಡುಕಲಾಗಿದೆ. ಕಾರ್ಯಾಗಾರದ ಕೈಪಿಡಿಯಲ್ಲಿಯೂ ಹುಡುಕಲಾಗಿದೆ.

ತತ್ಸಂಬಂಧ, ಇಂಥ ಘಟನೆ ಮರುಕಳಿಸಿದಲ್ಲಿ ವಿಭಾಗಕ್ಕೆ ಮುಜುಗರವಾಗದಂತೆ ಈ ಕೆಳಕಂಡ ಸೂಚನೆಗಳನ್ನು ಹೊರಡಿಸಲಾಗಿದೆ.

1. ಏಣಿಯು ತರಬೇತಿಯಲ್ಲಿರುವ ದಿನಗಳಂದು ಯಾವುದೇ ಟ್ಯೂಬ್‌ಲೈಟ್ ಕೆಡತಕ್ಕದ್ದಲ್ಲ. ಕೆಟ್ಟಲ್ಲಿ ಸದರಿ ಟ್ಯೂಬ್‌ಲೈಟು ರಜೆಯ ಮೇಲಿದೆಯೆಂದು ಭಾವಿಸಿ, ಕಾರ್ಮಿಕರು ಕಣ್ಣನ್ನು ಕತ್ತಲಿಗೆ ಒಗ್ಗಿಸಿಕೊಂಡು ಉತ್ಪಾದನೆ ಮುಂದುವರಿಸತಕ್ಕದ್ದು.

2. ಎರಡನೇ ಏಣಿ ಕೊಳ್ಳುವ ಸಲಹೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ಒಂದು ಏಣಿಯಿಂದಲೇ ಇಷ್ಟು ರಾದ್ಧಾಂತವಾಗಿರುವಾಗ ಎರಡಾದರೆ ದುಪ್ಪಟ್ಟಾದೀತೆಂದು ಕೈಬಿಡಲಾಗಿದೆ.

3. ಬೀಳಲಿಚ್ಛಿಸುವ ಕಾರ್ಮಿಕರು ಮುಂಚಿತವಾಗಿ ಲಿಖಿತ ಮಾಹಿತಿಯನ್ನು ಸುರಕ್ಷತಾ ಸಲಹಾ ಪೆಟ್ಟಿಗೆಗೆ ಹಾಕತಕ್ಕದ್ದು. ಯಾರೂ ಕದಿಯದಿರಲೆಂದು ಸದರಿ ಪೆಟ್ಟಿಗೆಯನ್ನು ಕಿಟಕಿಗಿಂತ ಮೇಲೆ ಮೊಳೆ ಹೊಡೆದು ಕೂರಿಸಲಾಗಿದ್ದು, ಅದನ್ನು ತಲುಪಲು ಏಣಿ ಬೇಕಾಗುತ್ತದೆ ಎಂಬುದನ್ನು ವಿಭಾಗವು ಈಗಷ್ಟೇ ಗಮನಿಸಿದೆ.

4. ಬೀಳುತ್ತಿರುವಾಗಲೂ ದೇಹದ ಮೂರು ಭಾಗಗಳು ಯಾವುದಕ್ಕಾದರೂ ತಾಗಿರುವಂತೆ ನೋಡಿಕೊಳ್ಳತಕ್ಕದ್ದು. ಗಾಳಿಗೆ ತಾಗಿದರೆ ಸಾಕೇ ಎಂಬ ಬಗ್ಗೆ ತಜ್ಞರ ಅಭಿಪ್ರಾಯ ಕೋರಲಾಗಿದೆ.

5. ಕಾರ್ಯಾಗಾರದಲ್ಲಿ ಆದ್ಯಂತ ಹಾಜರಿದ್ದು, ಊಟಕ್ಕೂ ಕದಲದೆ ವೇದಿಕೆಯ ಮೇಲೆಯೇ ನಿಂತಿದ್ದ ಏಣಿಗೆ, ಹಾಜರಾತಿಗೆಂದು ನೀಡುವ ವೃತ್ತಿ ವಿಕಾಸ ಅಂಕಗಳು ಅಧಿಕಾರಿಯವರಿಗಿಂತ ಹೆಚ್ಚು ಸಲ್ಲುತ್ತವೆ. ಆದ್ದರಿಂದ ಏಣಿಯನ್ನು ‘ತರಬೇತುದಾರ’ ಹುದ್ದೆಗೆ ಬಡ್ತಿಗೊಳಿಸಿ ಆದೇಶಿಸಲಾಗಿದೆ. ಇನ್ನು ಮುಂದೆ ಬಲ್ಬು ಬದಲಿಸುವಂಥ ಕೆಳದರ್ಜೆಯ ಕೆಲಸಗಳಿಗೆ ಏಣಿಯನ್ನು ಕರೆಯತಕ್ಕದ್ದಲ್ಲ. ಏಣಿಯು ಎ.ಸಿ. ಕೋಣೆಯಲ್ಲಿರುತ್ತದೆ. ಕಾಣಬಯಸುವವರು ಚಪ್ಪಲಿ ಹೊರಗೆ ಬಿಟ್ಟು ಬರತಕ್ಕದ್ದು.

6. ಸುರಕ್ಷತಾ ಅಧಿಕಾರಿಯವರ ವೃತ್ತಿ ವಿಕಾಸವು ತೃಪ್ತಿಕರವಾಗಿದೆ. ಅವರ ಕೋಣೆಯ ಗೋಡೆಯಲ್ಲಿ ಪ್ರಶಸ್ತಿಪತ್ರಗಳಿಗೆ ಇನ್ನು ಜಾಗವಿಲ್ಲ. ಬೆಂಕಿ, ಅನಿಲ, ವಿದ್ಯುತ್ತು, ಬೆನ್ನುನೋವು, ಎಲ್ಲದರಲ್ಲೂ ಅವರು ಉತ್ತೀರ್ಣರಾಗಿದ್ದಾರೆ. ಪ್ಯಾಕಿಂಗ್ ವಿಭಾಗದೊಳಗೆ ಕೊನೆಯ ಸಲ ಕಾಲಿಟ್ಟದ್ದು ಯಾವಾಗ ಎಂಬ ಪ್ರಶ್ನೆ ಯಾವ ಪರೀಕ್ಷೆಯಲ್ಲಿಯೂ ಬಂದಿರಲಿಲ್ಲವಾದ್ದರಿಂದ ಅದಕ್ಕೆ ಅವರು ತಯಾರಿ ನಡೆಸಿರುವುದಿಲ್ಲ.

7. ಗೇಟಿನ ಬಳಿಯ ‘ಅಪಘಾತರಹಿತ ಕಾರ್ಖಾನೆ’ ಎಂಬ ಫಲಕವನ್ನು ಪೇಂಟರ್ ತಾಜುದ್ದೀನ್ ಅವರು ಆಯಿಲ್ ಪೇಂಟಿನಲ್ಲಿ ಬರೆದುಕೊಟ್ಟಿದ್ದು, ಅಳಿಸಲು ಬರುವುದಿಲ್ಲ. ಅಪಘಾತವಿಲ್ಲದ ಕಾರ್ಖಾನೆಗೆ ಕೊಡುವ ಸುರಕ್ಷತಾ ಶೀಲ್ಡಿನ ಪರಿಶೀಲನಾ ತಂಡವೂ ಸದ್ಯದಲ್ಲೇ ಬರಲಿದೆ. ಫಲಕವನ್ನು ಬದಲಿಸಲು ಸಾಧ್ಯವಿಲ್ಲದ ಕಾರಣ ಅಪಘಾತವನ್ನೇ ಬೇರೆಡೆಗೆ ವರ್ಗಾಯಿಸಲು ತೀರ್ಮಾನಿಸಲಾಗಿದೆ.

8. ಅದರಂತೆ, ಸಿದ್ರಾಮಪ್ಪ ಅವರು ಕಾರ್ಖಾನೆಯಲ್ಲಿ ಬೀಳದೆ, ತಮ್ಮ ಬಾಡಿಗೆ ಮನೆಯ ಬಚ್ಚಲಲ್ಲಿ ಸ್ವಂತ ಅಜಾಗರೂಕತೆಯಿಂದ ಜಾರಿಬಿದ್ದಿರುತ್ತಾರೆಂದು ಭಾವಿಸತಕ್ಕದ್ದು. ಹೀಗೆ ಬಿದ್ದವರ ಚಿಕಿತ್ಸೆಗೂ, ಕಾಲು ಕೂಡುವವರೆಗೆ ಅವರ ಕೆಲಸ ಉಳಿಸುವುದಕ್ಕೂ ಕಾರ್ಖಾನೆಯು ಜವಾಬ್ದಾರಿಯಲ್ಲ.

ಈ ಹೇಳಿಕೆಗೆ ಒಪ್ಪಿಗೆ ಪಡೆಯಲು ಸುರಕ್ಷತಾ ಅಧಿಕಾರಿಯವರನ್ನೇ ಸಿದ್ರಾಮಪ್ಪ ಅವರ ವಠಾರಕ್ಕೆ ಕಳುಹಿಸಲಾಯಿತು. ಅವರು ಕಿತ್ತಳೆ ಹಣ್ಣು ಹಿಡಿದು ಹೋಗಿದ್ದು, ಇದು ಉತ್ತಮ ರೂಢಿಯಾಗಿದೆ. ಕಾಗದವನ್ನು ಓದಿಸಿ ಕೇಳಿದ ಸಿದ್ರಾಮಪ್ಪ ಅವರು, ಪ್ಲಾಸ್ಟರು ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, “ಮೇಡಂ ರೀ, ನಮ್ಮ ಮನ್ಯಾಗ ಬಚ್ಚಲಾನ ಇಲ್ರೀ. ಇಡೀ ವಠಾರಕ್ಕ ಒಂದ ಐತಿ. ಅದರಾಗ ಬೀಳಾಕೂ ಪಾಳಿ ಹಚ್ಚಬೇಕ್ರೀ” ಎಂದು ನಕ್ಕರು. ಅವರ ಪತ್ನಿ ಶರಣವ್ವ ಅವರು ನಗಲಿಲ್ಲ. “ಕಾಲು ಮುರದ್ರಿ, ಆತು. ಈಗ ಬಿದ್ದ ಜಾಗಾನೂ ಕಸ್ಕೊಳ್ಳಾಕ ಬಂದೀರೇನ್ ಯವ್ವಾ?” ಎಂದು ಕೇಳಿ, ಹಣ್ಣುಗಳನ್ನು ಚೀಲಸಮೇತ ಹಿಂದಿರುಗಿಸಿದರು. ಅಧಿಕಾರಿಯವರು ಚೀಲ ಹಿಡಿದು ವಠಾರದ ಬಚ್ಚಲ ಮುಂದಿನಿಂದಲೇ ಹೊರಬಂದರು. ಅಲ್ಲಿ ಕೊಡ, ಬಕೀಟು ಹಿಡಿದ ಹೆಂಗಸರು ಸಾಲಾಗಿ ನಿಂತಿದ್ದು, ಯಾರಿಗೂ ಬೀಳಲು ಬಿಡುವಿರಲಿಲ್ಲ.

9. ಗಾಯಾಳುವಿನ ಒಪ್ಪಿಗೆ ದೊರೆಯದ ಕಾರಣ, ಬಚ್ಚಲಿನ ಘಟನೆಗೆ ಸುರಕ್ಷತಾ ಅಧಿಕಾರಿಯವರೇ ಪ್ರತ್ಯಕ್ಷದರ್ಶಿಯಾಗಿ ಸಹಿ ಹಾಕತಕ್ಕದ್ದು. ಘಟನೆಯ ಸಮಯದಲ್ಲಿ ಅವರು ಬಾಗಲೂರಿನ ವೇದಿಕೆಯ ಮೇಲಿದ್ದು, ಪ್ಯಾಕಿಂಗ್ ವಿಭಾಗವನ್ನಾಗಲೀ ಬಚ್ಚಲನ್ನಾಗಲೀ ನೋಡಿರುವುದಿಲ್ಲವಾದ್ದರಿಂದ ಅವರಷ್ಟು ನಿಷ್ಪಕ್ಷಪಾತಿ ಸಾಕ್ಷಿ ಬೇರೆ ದೊರೆಯಲಾರರು. ಸಹಿ ಹಾಕಿದಲ್ಲಿ ಅವರ ಖಾತೆಗೆ ವೃತ್ತಿ ವಿಕಾಸ ಅಂಕಗಳನ್ನು ಜಮೆ ಮಾಡಲಾಗುವುದು. ಹಾಕದಿದ್ದಲ್ಲಿ ಅವರ ವೃತ್ತಿಯನ್ನೇ ಬೇರೆಡೆ ವಿಕಾಸಗೊಳಿಸಿಕೊಳ್ಳಲು ಅವಕಾಶ ಕಲ್ಪಿಸಲಾಗುವುದು. ಈ ಬಗ್ಗೆ ವ್ಯವಸ್ಥಾಪಕರು, “ಒಂದ್ ಸೈನ್ ಕಣ್ರೀ ಮೇಡಂ. ಶೀಲ್ಡ್ ಬರೋ ಟೈಮಲ್ಲಿ ಯಾಕೆ ಹಠ? ಅವ್ನೇನ್ ನಿಮ್ ಚಿಕ್ಕಪ್ಪನ ಮಗಾನಾ?” ಎಂದು ಸಾಂತ್ವನ ಹೇಳಿರುತ್ತಾರೆ.

ವ್ಯವಸ್ಥಾಪಕರ ಆದೇಶಾನುಸಾರ,

(ಸಹಿ ಇರುವುದಿಲ್ಲ)
ತೇಜಸ್ವಿನಿ
ಸುರಕ್ಷತಾ ಅಧಿಕಾರಿ

ಪ್ರತಿಗಳು:

ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕರಿಗೆ. ಡ್ರಮ್ಮಿನ ವಿರುದ್ಧ ಕೈಗೊಂಡ ಶಿಸ್ತುಕ್ರಮದ ವರದಿ ಸಲ್ಲಿಸಲು.

ತರಬೇತುದಾರ ಏಣಿಯವರಿಗೆ, ಎ.ಸಿ. ಕೋಣೆ. ಮಾಹಿತಿಗಾಗಿ.

ಶ್ರೀಮತಿ ಮುನಿವೆಂಕಟಮ್ಮ ಅವರಿಗೆ. ಓದಲು ಬಾರದ ಕಾರಣ ಅಧಿಕಾರಿಯವರೇ ಓದಿ ಹೇಳಿದ್ದು, ಐದನೇ ಕಲಮಿನ ನಂತರ “ಸಾಕ್ ನಿಲ್ಸಮ್ಮೋ, ನಕ್ಕು ನಕ್ಕು ಒಟ್ಟೆ ನೋಯ್ತದೆ” ಎಂದದ್ದರಿಂದ ನಿಲ್ಲಿಸಲಾಗಿದೆ.

ಕಾರ್ಖಾನೆಗಳ ತಪಾಸಣಾಧಿಕಾರಿಯವರಿಗೆ. ಘಟನೆಯು ಪ್ಯಾಕಿಂಗ್ ವಿಭಾಗದಲ್ಲಿಯೇ, ಏಣಿ ಇಲ್ಲದ್ದರಿಂದಲೇ ಜರುಗಿದೆ ಎಂಬ ವರದಿಯೊಂದಿಗೆ. ಈ ಪ್ರತಿಯನ್ನು ಮೊದಲೇ ರವಾನಿಸಲಾಗಿದೆ.

ವ್ಯವಸ್ಥಾಪಕರಿಗೆ. ಕಲಂ 9ರಂತೆ ಸಹಿ ಹಾಕಿ ಸಂಜೆಯೊಳಗೆ ಕೊಡುವಂತೆ ತಾವು ಪುನಃ ಹೇಳಿಕಳುಹಿಸಿದ್ದಕ್ಕೆ, ಸುರಕ್ಷತಾ ಅಧಿಕಾರಿಯವರು “ನಾನ್ ಹಾಕಲ್ಲ ಸರ್” ಎಂದಿರುವುದನ್ನು ತಮ್ಮ ಅವಗಾಹನೆಗೆ ಈ ಮೂಲಕ ಸಲ್ಲಿಸಲಾಗಿದೆ.