ಬೀಗಪ್ಪನವರು ಗೂಢಚಾರನನ್ನು ಬಂಧಿಸಿದ್ದು

ಲೋಕದಲ್ಲಿ ಬೀಗ ಹಾಕುವವರು ಕೋಟಿ ಜನ ಇರಬಹುದು. ಹಾಕಿದ ಬೀಗವನ್ನು ಏಳು ಸಲ ಜಗ್ಗಿ, ಹತ್ತು ಹೆಜ್ಜೆ ನಡೆದು, ಮನಸ್ಸು ತಡೆಯದೆ ವಾಪಸು ಬಂದು ಎಂಟನೆಯ ಸಲ ಜಗ್ಗುವವರು ಒಬ್ಬರೇ! ಅವರೇ ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುವ ಬೀಗಪ್ಪನವರು. ಅವರಿಗೆ ನಿಜವಾದ ಹೆಸರೂ ಒಂದಿತ್ತು; ಅದು ಹೆಂಡತಿಗೆ ಕೂಡ ಅರ್ಜಿ ತುಂಬುವಾಗ ಮಾತ್ರ ನೆನಪಾಗುತ್ತಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ತಮ್ಮ ಉಗ್ರಾಣದಿಂದ ಒಂದು ಹತ್ತಿಯುಂಡೆಯೂ ಕಳುವಾಗಿಲ್ಲ ಎಂಬುದು ಅವರ ಹೆಮ್ಮೆ. ಬೇಕಾದ ಹೊತ್ತಿಗೆ ಒಂದು ಹತ್ತಿಯುಂಡೆಯೂ ಸಿಕ್ಕಿಲ್ಲ ಎಂಬುದು ನರ್ಸಮ್ಮಂದಿರ ದೂರು. ಸೊಂಟದಲ್ಲಿ ಹದಿನೇಳು ಕೀಗಳ ಗೊಂಚಲು. ಅವರು ಬರುವುದಕ್ಕೆ ಅರ್ಧ ನಿಮಿಷ ಮುಂಚೆ ಅವರ ಸದ್ದು ಬರುತ್ತಿತ್ತು!

ಇಂಥ ಮಹಾನುಭಾವರು ಅಂದು ರಜೆ ಹಾಕಿ ಮನೆಯಲ್ಲಿದ್ದರು. ಕಾರಣ, ಹೆಂಡತಿಯ ಪರೀಕ್ಷೆ. ಮದುವೆಗೆ ಮುಂಚೆ ಆಕೆ ಟೈಪಿಸ್ಟ್ ಆಗಿದ್ದಳು. ಮಕ್ಕಳು, ಅಡುಗೆ, ಅತ್ತೆಯ ಮಂಡಿನೋವು ಎಂದು ಇಪ್ಪತ್ತು ವರ್ಷ ಬೆರಳುಗಳನ್ನು ಬೇರೆ ಕೆಲಸಕ್ಕೆ ಹಚ್ಚಿದ್ದವಳು ಈಗ, ಡಾಕ್ಟರುಗಳ ಮಾತು ಕೇಳಿ ವರದಿ ಟೈಪು ಮಾಡುವ ಒಂದು ಕಚೇರಿಗೆ ಅರ್ಜಿ ಹಾಕಿದ್ದಳು. ಪರೀಕ್ಷೆ ಮನೆಯ ಕಂಪ್ಯೂಟರಿನಲ್ಲೇ. ಹನ್ನೊಂದಕ್ಕೆ ಸರಿಯಾಗಿ ಶುರು. ಒಂದು ನಿಮಿಷ ತಡವಾದರೂ ಬಾಗಿಲು ಮುಚ್ಚಿದಂತೆ, ಎರಡನೆಯ ಅವಕಾಶವಿಲ್ಲ. ಮೂರು ತಿಂಗಳಿಂದ ಆಕೆ ಎಷ್ಟು ಅಭ್ಯಾಸ ಮಾಡಿದ್ದಳೆಂದರೆ, ನಿದ್ದೆಯಲ್ಲೂ ಬೆರಳುಗಳು ಹೊದಿಕೆಯ ಮೇಲೆ ಟೈಪು ಮಾಡುತ್ತಿದ್ದವು.

“ಪರೀಕ್ಷೆ ನಿನ್ನದು, ಪಹರೆ ನನ್ನದು!” ಎಂದು ಬೀಗಪ್ಪನವರು ಬೆಳಿಗ್ಗೆಯೇ ಘೋಷಿಸಿದರು. “ಕಂಪ್ಯೂಟರಿಗೂ ಬೀಗ ಇದೆಯಂತೆ ಕಣೇ! ಒಳಗೆ ನುಸುಳೋ ಗೂಢಚಾರರನ್ನ ಹಿಡಿಯೋ ಸಾಫ್ಟ್‌ವೇರು. ಹಾಕಿಬಿಟ್ಟಿದ್ದೀನಿ. ಇನ್ನು ಒಂದು ಸೊಳ್ಳೆ ಕೂಡ ಒಳಗೆ ಬರಲ್ಲ.”

“ನಾನಾದ್ರೂ ಹೋಗಬಹುದಾ?”

“ನನ್ನನ್ನ ಒಂದು ಮಾತು ಕೇಳಿ ಹೋಗು.”

“ರೀ, ಅದು ಏನಾದ್ರೂ ಕೇಳಿದ್ರೆ ಪೂರ್ತಿ ಓದಿ ಆಮೇಲೆ ಒತ್ತಿ. ಓದೋ ಮುಂಚೆ ಒತ್ತೋದು ನಿಮ್ಮ ಕೈಯ ಕಾಯಿಲೆ,” ಎಂದ ಆಕೆ, ಪರೀಕ್ಷೆಯವರು ಕೊಟ್ಟಿದ್ದ ಅಭ್ಯಾಸದ ಹಾಳೆಯನ್ನು ಪರದೆಯ ಮೇಲೆ ತೆರೆದಿಟ್ಟೇ ತಲೆಸ್ನಾನಕ್ಕೆ ಹೋದಳು.

ಬೀಗಪ್ಪನವರು ಕುರ್ಚಿ ಏರಿದರು. ಕೀ ಗೊಂಚಲನ್ನು ಬಿಚ್ಚಿ ಕತ್ತಿಯಂತೆ ಪಕ್ಕದಲ್ಲಿಟ್ಟುಕೊಂಡರು. ಟಣ್! ಪರದೆಯ ಮೂಲೆಯಲ್ಲೊಂದು ಹಳದಿ ಚೌಕ: ‘ಚಿನ್ನದ ಬೀಗ ಎಂಬ ತಂತ್ರಾಂಶವು ನಿಮ್ಮ ಮಾಹಿತಿಯನ್ನು ಹೊರಗೆ ಕಳುಹಿಸುತ್ತಿರಬಹುದು.’ ಕೆಳಗೆ ಮೂರು ಗುಂಡಿಗಳು: ಬಿಡಿ, ಬಂಧಿಸಿ, ವಿವರ ನೋಡಿ.

ಚಿನ್ನದ ಬೀಗ! ಹೋದ ತಿಂಗಳು ಅವರೇ ಎಲ್ಲಿಂದಲೋ ಬಿಟ್ಟಿಯಾಗಿ ಇಳಿಸಿಕೊಂಡದ್ದು. ದಿನಕ್ಕೊಂದು ಹೊಸ ಬೀಗದ ಚಿತ್ರ ತೋರಿಸುತ್ತಿತ್ತು. “ಬೀಗದ ಮೇಲೇ ಅನುಮಾನವೇ? ಛೆ ಛೆ!” ಎಂದು ‘ಬಿಡಿ’ ಒತ್ತಿದರು.

ಮತ್ತೆ ಟಣ್! ಈ ಸಲ ಕೆಂಪು ಚೌಕ: ‘ಎಚ್ಚರಿಕೆ! ಒಂದು ತಂತ್ರಾಂಶವು ನಿಮ್ಮ ಪ್ರತಿಯೊಂದು ಕೀಯನ್ನೂ ದಾಖಲಿಸುತ್ತಿದೆ.’

ಬೀಗಪ್ಪನವರು ಕುರ್ಚಿಯಿಂದ ಅರ್ಧ ಎದ್ದರು. ಪ್ರತಿಯೊಂದು ಕೀ! ಅವರು ಗೊಂಚಲನ್ನು ನೋಡಿದರು. ಪರದೆಯ ನೆತ್ತಿಯ ಮೇಲೆ ಕೂತಿದ್ದ ಕ್ಯಾಮರಾ ಎಂಬ ಒಕ್ಕಣ್ಣನನ್ನು ನೋಡಿದರು. ಅವನೂ ಗೊಂಚಲನ್ನೇ ನೋಡುತ್ತಿದ್ದ! ಉಗ್ರಾಣದ ಕೀ, ಔಷಧಿ ಕಪಾಟಿನ ಕೀ, ಮನೆಯ ಮುಂಬಾಗಿಲಿನ ಕೀ, ಎಲ್ಲವನ್ನೂ ಕಳ್ಳ ಎಣಿಸಿಕೊಳ್ಳುತ್ತಿದ್ದಾನೆ! ತಕ್ಷಣ ಗೊಂಚಲಿನ ಮೇಲೆ ಕರವಸ್ತ್ರ ಹೊದಿಸಿದರು. ಬಳಿಕ, ಎದುರಿಗೆ ತೆರೆದಿದ್ದ ಅಭ್ಯಾಸದ ಹಾಳೆಯಲ್ಲಿ ಒಂದೇ ಬೆರಳಿನಿಂದ ಕುಟ್ಟಿ ಕುಟ್ಟಿ ಶತ್ರುವಿಗೆ ಸವಾಲು ಬರೆದರು: ‘ಯಾರೋ ನೀನು ನನ್ನ ಹದಿನೇಳು ಕೀ ಎಣಿಸೋಕೆ ಗಂಡಸಾದರೆ ಎದುರಿಗೆ ಬಾ’.

ಎರಡು ನಿಮಿಷ ಕಾದರು. ಉತ್ತರವಿಲ್ಲ. ಹೇಡಿ!

‘ಬಂಧಿಸಿ’ ಒತ್ತಿದರು. ಅಭ್ಯಾಸದ ಹಾಳೆ ಪಟ್ಟನೆ ಮಾಯವಾಯಿತು. ‘ಒಂದು ಅಪಾಯವನ್ನು ಬಂಧಿಸಲಾಗಿದೆ’ ಎಂಬ ಸಾಲು ಮೂಡಿತು. ಬೀಗಪ್ಪನವರು ಬೀಗಿದರು!

ಆದರೆ ಬಂಧಿತ ತಪ್ಪಿಸಿಕೊಂಡರೆ? ಕೋಣೆಯಿಂದ ಹೊರಬಂದು ಬಾಗಿಲಿಗೆ ಮೇಲೊಂದು, ಕೆಳಗೊಂದು ಬೀಗ ಜಡಿದು ಏಳು ಸಲ ಜಗ್ಗಿದರು. ಕೀ ಗೊಂಚಲು ಇನ್ನು ಯಾರ ಕಣ್ಣಿಗೂ ಬೀಳಬಾರದೆಂದು ಮಲಗುವ ಕೋಣೆಯ ಉಕ್ಕಿನ ಬೀರುವಿನೊಳಗಿಟ್ಟು ಬಾಗಿಲು ದೂಡಿದರು. ಧಡ್! ಮುಚ್ಚಿದರೆ ತಾನೇ ಕಚ್ಚಿಕೊಳ್ಳುವ ಬೀರು ಅದು. ಅದರ ಕೀ ಎಲ್ಲಿ? ಗೊಂಚಲಿನಲ್ಲಿ.

ಹತ್ತೂಕಾಲಿಗೆ ಹೆಂಡತಿ ತಲೆ ಒರೆಸಿಕೊಳ್ಳುತ್ತ ಬಂದಳು. “ಇದೇನ್ರೀ ಬೀಗ?”

“ಹಿಡಿದುಬಿಟ್ಟೆ ಕಣೇ! ಒಳಗಿದ್ದಾನೆ!”

“ಯಾರು?”

“ಗೂಢಚಾರ! ನಮ್ಮ ಕೀ ಎಲ್ಲಾ ದಾಖಲು ಮಾಡ್ಕೊತಿದ್ದ.”

“ನನ್ನ ಪರೀಕ್ಷೆಯೂ ಒಳಗಿದೆ ಕಣ್ರೀ! ಬಾಗಿಲು ತೆಗೀರಿ.”

“ತೆಗೀತೀನಿ. ಕೀ ಬೀರುವಿನಲ್ಲಿದೆ.”

“ಬೀರು ತೆಗೀರಿ.”

“ಅದರ ಕೀ... ಅದೂ ಬೀರುವಿನಲ್ಲೇ ಭದ್ರವಾಗಿದೆ.”

ಆಕೆ ಕೂಗಾಡಲಿಲ್ಲ. ಗೋಡೆಗೊರಗಿ ನಿಂತಳು. ಒದ್ದೆ ಟವೆಲಿನ ಮೇಲೆ ಹತ್ತೂ ಬೆರಳುಗಳು ತಮ್ಮಷ್ಟಕ್ಕೆ ಟೈಪು ಮಾಡುತ್ತಿದ್ದವು. ಬೀಗಪ್ಪನವರು ಅದನ್ನು ನೋಡಿದರು. ಮರುಕ್ಷಣ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಬೀದಿಯ ಕೊನೆಯಲ್ಲಿದ್ದ ಬೀಗ ರಿಪೇರಿಯವನ ಅಂಗಡಿಗೆ ಓಡಿದರು.

ರಿಪೇರಿಯವನು ಬಂದು ಬಾಗಿಲನ್ನು ಮೇಲೆ ಕೆಳಗೆ ನೋಡಿದ. “ಇಷ್ಟು ಭದ್ರವಾಗಿ ಏನಿಟ್ಟಿದ್ದೀರಿ ಸಾರ್ ಒಳಗೆ?”

“ಗೂಢಚಾರ.”

ಅವನು ಎರಡು ಹೆಜ್ಜೆ ಹಿಂದೆ ಸರಿದ. “ಕಂಪ್ಯೂಟರು ಕಣಪ್ಪಾ, ನೀನು ತೆಗಿ,” ಎಂದಳು ಹೆಂಡತಿ. ಅವನು ಕಿವಿಯ ಸಂದಿಯಿಂದ ಒಂದು ತಂತಿ ತೆಗೆದು ಎರಡೂ ಬೀಗಗಳನ್ನು ಮುಕ್ಕಾಲು ನಿಮಿಷದಲ್ಲಿ ಬಿಚ್ಚಿ ಕೈಗಿಟ್ಟ. “ಜಗ್ಗಿ ಜಗ್ಗಿ ಸಡಿಲ ಆಗಿದೆ ಸಾರ್. ಊದಿದ್ರೂ ಬರ್ತಿತ್ತು.”

ಗಡಿಯಾರ ಹತ್ತು ನಲವತ್ತೆಂಟು ತೋರಿಸುತ್ತಿತ್ತು. ಹೆಂಡತಿ ಕುರ್ಚಿಗೆ ಬಿದ್ದಳು. ಪರೀಕ್ಷೆಯ ತಂತ್ರಾಂಶ ಎಲ್ಲೂ ಇಲ್ಲ!

“ಏನು ಒತ್ತಿದ್ರಿ?”

“ಬಂಧಿಸಿ ಅಂತ ಇತ್ತು. ಬಂಧಿಸಿದೆ.”

“ಮೂರನೇ ಗುಂಡಿ ಇತ್ತಲ್ಲ, ವಿವರ ನೋಡಿ ಅಂತ? ಅದನ್ನ ಯಾಕೆ ಇಟ್ಟಿದ್ದಾರೆ, ಅಲಂಕಾರಕ್ಕಾ?”

ಆಕೆ ಬಂಧಿತರ ಪಟ್ಟಿ ತೆರೆದಳು. ಒಂದೇ ಹೆಸರು. ಪಕ್ಕದ ‘ವಿವರ ನೋಡಿ’ ಒತ್ತಿ ಗಟ್ಟಿಯಾಗಿ ಓದಿದಳು: “‘ಈ ತಂತ್ರಾಂಶ ಟೈಪಿಂಗ್ ಪರೀಕ್ಷೆಯದು. ಕೀಬೋರ್ಡಿನಲ್ಲಿ ಒತ್ತಿದ್ದನ್ನು ದಾಖಲಿಸುತ್ತದೆ. ಇದನ್ನು ನೀವೇ ತಿಳಿದು ಹಾಕಿಕೊಂಡಿದ್ದರೆ ಮಾತ್ರ ಬಿಡುಗಡೆ ಮಾಡಿ.’ ನಾನೇ ಹಾಕಿಕೊಂಡಿದ್ದು ಕಣ್ರೀ! ಎಷ್ಟು ಬೇಗ ಒತ್ತುತ್ತೀನಿ ಅಂತ ಅವರು ಅಳೀಬೇಡ್ವಾ? ಎಚ್ಚರಿಕೆ ಅಂದ್ರೆ ತೀರ್ಪಲ್ಲ, ಪ್ರಶ್ನೆ. ‘ಇವನು ನಿಮಗೆ ಗೊತ್ತಾ?’ ಅಂತ ಕೇಳ್ತಿದೆ ಅಷ್ಟೆ. ಹೆಸರು ನೋಡಬೇಕು, ಎಲ್ಲಿಂದ ಬಂತು ನೋಡಬೇಕು, ಆಮೇಲೆ ಉತ್ತರ ಹೇಳಬೇಕು.”

‘ಬಿಡುಗಡೆ’ ಒತ್ತಿದಳು. ಅಭ್ಯಾಸದ ಹಾಳೆ ಮೂಲೆಯಲ್ಲಿ ಸಾಧುವಿನಂತೆ ಬಂದು ಕೂತಿತು.

ಬಂಧಿತರ ಪಟ್ಟಿಯ ಕೆಳಗೆ ‘ಬಿಟ್ಟವು’ ಎಂಬ ಇನ್ನೊಂದು ಪಟ್ಟಿ ಇತ್ತು. “ಮತ್ತೆ ಇದೇನು? ‘ಚಿನ್ನದ ಬೀಗ. ತಯಾರಕರು ಯಾರೆಂದು ತಿಳಿಯದು. ನೀವು ನೋಡುವ ಪುಟಗಳ ವಿವರವನ್ನು ಹೊರಗೆ ಕಳುಹಿಸುತ್ತದೆ.’ ಇದಕ್ಕೆ ಬಿಡಿ ಅಂದಿದ್ದು ಯಾರು?”

ಬೀಗಪ್ಪನವರು ಚಾವಣಿಯ ಫ್ಯಾನನ್ನು ತುಂಬ ಆಸಕ್ತಿಯಿಂದ ನೋಡಿದರು. ಹೆಂಡತಿ ಕುರ್ಚಿಯನ್ನು ಅರ್ಧ ಸರಿಸಿ, “ಬನ್ನಿ, ಈ ಸಲ ನೀವೇ ಓದಿ ಒತ್ತಿ,” ಎಂದಳು. ಅವರು ಬಗ್ಗಿ, ಪ್ರತಿಯೊಂದು ಅಕ್ಷರವನ್ನೂ ಎರಡೆರಡು ಸಲ ಓದಿ, ತಮ್ಮ ಪ್ರೀತಿಯ ಬೀಗವನ್ನು ತಮ್ಮ ಕೈಯಾರೆ ಬಂಧಿಸಿದರು.

ಹನ್ನೊಂದಕ್ಕೆ ಪರೀಕ್ಷೆ ಶುರುವಾಯಿತು. ಬೀಗವಿಲ್ಲದ ಬಾಗಿಲಿನ ಹೊರಗೆ ಬೀಗಪ್ಪನವರು ಉಸಿರು ಬಿಗಿಹಿಡಿದು ನಿಂತರು. ಒಳಗಿನಿಂದ ಚಟಪಟ ಚಟಪಟ ಸದ್ದು ಒಂದು ಗಳಿಗೆಯೂ ನಿಲ್ಲದೆ ಬರುತ್ತಿತ್ತು. ತಮ್ಮ ಗೊಂಚಲಿಗಿಂತ ಇಂಪಾದ ಕೀ ಸದ್ದೊಂದು ಲೋಕದಲ್ಲಿದೆ ಎಂದು ಅವರಿಗೆ ಮೊದಲ ಸಲ ಅನ್ನಿಸಿತು.

ಮಧ್ಯಾಹ್ನ ಮೂರಕ್ಕೆ ಫೋನು ಬಂತು. ಪರೀಕ್ಷೆ ನಡೆಸಿದ ಮೇಡಂ. ಹೆಂಡತಿ ಸ್ಪೀಕರ್ ಹಾಕಿದಳು.

“ನಿಮಿಷಕ್ಕೆ ಅರವತ್ತೆರಡು ಪದ, ತಪ್ಪು ಎರಡೇ! ಸೋಮವಾರದಿಂದ ಕೆಲಸ ಶುರು ಮಾಡಿ. ಆದ್ರೆ ಒಂದು ವಿಷಯ ಅರ್ಥ ಆಗಲಿಲ್ಲ. ನಮ್ಮ ತಂತ್ರಾಂಶ ಅಭ್ಯಾಸದ ಹಾಳೆಯಲ್ಲಿ ಒತ್ತಿದ್ದನ್ನೂ ಕಳಿಸುತ್ತೆ. ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ನಿಮ್ಮ ವೇಗ ನಿಮಿಷಕ್ಕೆ ಮೂರೇ ಪದ. ಅದೂ ಏನು ಬರೆದಿದ್ದೀರಿ! ‘ಯಾರೋ ನೀನು ನನ್ನ ಹದಿನೇಳು ಕೀ ಎಣಿಸೋಕೆ ಗಂಡಸಾದರೆ...’”

ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತ ಫೋನನ್ನು ಗಂಡನ ಮುಂದೆ ಹಿಡಿದಳು. “ಅದನ್ನ ಬರೆದ ವೀರರು ಇಲ್ಲೇ ಇದ್ದಾರೆ, ಮಾತಾಡಿ ಮೇಡಂ.”

“ನಮಸ್ಕಾರ ಸರ್. ನಾನು ಗಂಡಸಲ್ಲ, ಆದರೂ ಎದುರಿಗೆ ಬಂದಿದ್ದೀನಿ. ಕೀಬೋರ್ಡಿನಲ್ಲಿ ನೂರಕ್ಕೂ ಹೆಚ್ಚು ಕೀ ಇರುತ್ತಲ್ಲ, ಈ ಹದಿನೇಳು ಯಾವುದು?”

ಬೀಗಪ್ಪನವರು ಗಂಟಲು ಸರಿಮಾಡಿಕೊಂಡರು.

“ಬಾಗಿಲಿಂದು, ಮೇಡಂ.”