ಊಟ ಸೇರಿದ ಚೀಟಿ, ಹಾರಿದ ಚಾಪೆ

ವೈನ್ ಬಾಟಲಿಯ ಬೆನ್ನಿಗೆ ಅಂಟಿಸಿರುವ ಬರಹವನ್ನು ಫೆರೆಟಿ ಬಹಳ ಕಾಲ ಅಡುಗೆ ಸಾಮಾನಿನ ಪಟ್ಟಿ ಎಂದೇ ನಂಬಿದ್ದ. ಆಕ್ಲೆಂಡಿನ ಮಾಂಗೆರೆ ಬಡಾವಣೆಯ ಗೋದಾಮಿನಲ್ಲಿ ಖಾಲಿ ಬಾಟಲಿಯ ಪೆಟ್ಟಿಗೆಗಳನ್ನು ಎತ್ತಿಳಿಸುವುದು ಅವನ ಕೆಲಸ. ಗುರುವಾರಕ್ಕೊಮ್ಮೆ ಲಾರಿಯನ್ನು ಹಡಗಿಗೆ ಹತ್ತಿಸಿಕೊಂಡು ವೈಹೆಕೆ ದ್ವೀಪಕ್ಕೆ ಹೋಗಿ, ಅಲ್ಲಿನ ದ್ರಾಕ್ಷಿ ತೋಟಗಳಿಗೆ ಬಾಟಲಿ ಇಳಿಸಿ ಬರಬೇಕು. ಹಾಗೊಂದು ಗುರುವಾರ, ಒಂದು ತೋಟದ ಉಗ್ರಾಣದಲ್ಲಿ, ತುಂಬಿದ ಬಾಟಲಿಯೊಂದನ್ನು ತಿರುಗಿಸಿ ಓದಿದ: 'ಕಪ್ಪು ಹಣ್ಣು, ಹೊಗೆಸೊಪ್ಪು, ಹಳೆಯ ಚರ್ಮ.' ಪಕ್ಕದಲ್ಲಿ ಪೆಟ್ಟಿಗೆ ಎಣಿಸುತ್ತಿದ್ದ ಹುಡುಗಿಯನ್ನು ಬಹಳ ಕಾಳಜಿಯಿಂದ ಕೇಳಿದ:

"ಹೊಗೆಸೊಪ್ಪು ಹೋಗಲಿ ಬಿಡಿ. ಈ ಚರ್ಮ ಯಾವಾಗ ಹಾಕ್ತೀರಿ? ಹಣ್ಣು ಹಿಂಡೋಕೆ ಮುಂಚೆನಾ, ಆಮೇಲಾ?"

ಹುಡುಗಿ ಪೆಟ್ಟಿಗೆಯ ಮೇಲೆ ಕುಸಿದು ಕೂತು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಹಾಕೋದಲ್ಲ ಮಾರಾಯ, ಅದು ರುಚಿ! ಕುಡಿದ್ರೆ ಹಾಗನ್ಸುತ್ತೆ ಅಂತ" ಎಂದಳು.

"ಚಪ್ಪಲಿ ನೆಕ್ಕಿದ ಹಾಗೆ ಅನ್ನಿಸ್ಕೊಳ್ಳೋಕೆ ಜನ ಇಷ್ಟು ದೂರ ದೋಣೀಲಿ ಬರ್ತಾರಾ?" ಎಂದ ಫೆರೆಟಿ.

ಅವಳ ಹೆಸರು ವೆಸ್ನಾ. ತೋಟ ಅವಳಪ್ಪ ನಿಕೊಲಾನದು. ಅವನ ಮುತ್ತಜ್ಜ ದಾಲ್ಮೇಷಿಯಾದಿಂದ ಹಡಗು ಹತ್ತಿ ಬರುವಾಗ ಜೇಬಿನಲ್ಲಿ ಬಳ್ಳಿಯ ಕಡ್ಡಿ ತಂದವನಂತೆ. ಅಂದಿನಿಂದ ಒಂದು ವರ್ಷ ಎರಡು ತಿಂಗಳು, ಫೆರೆಟಿಯ ಗುರುವಾರಗಳೇ ವಾರದ ಮಿಕ್ಕ ಆರು ದಿನಗಳನ್ನು ಹೆಗಲ ಮೇಲೆ ಹೊತ್ತು ನಡೆಸಿದವು.

ಮದುವೆಯಾಗುವುದೆಂದು ಇಬ್ಬರೂ ತೀರ್ಮಾನಿಸಿಯಾಗಿತ್ತು. ಉಳಿದಿದ್ದದ್ದು ಫೆರೆಟಿಯ ಅಮ್ಮ.

ಅಮ್ಮ ಎಂದರೆ ಮಕೆರಿಟಾ. ತನ್ನ ದ್ವೀಪ ಸಮೋವಾ ಬಿಟ್ಟು ಬಂದು ಮೂವತ್ತು ವರ್ಷವಾದರೂ ಚರ್ಚಿನ ಮೊದಲ ಸಾಲು ಬಿಟ್ಟವಳಲ್ಲ. ಮದ್ಯದ ಹನಿ ನಾಲಿಗೆಗೆ ಸೋಕಿಸಿದವಳಲ್ಲ. ಮೂರು ವರ್ಷದ ಹಿಂದೆ ಫೆರೆಟಿಯ ಅಣ್ಣ ಸೆಮಿಸಿ ಬ್ರಿಸ್ಬೇನಿನಲ್ಲಿ ಸದ್ದಿಲ್ಲದೆ ಮದುವೆಯಾಗಿ, ಆಮೇಲೆ ಫೋನು ಮಾಡಿ ತಿಳಿಸಿದ್ದ. ಅಮ್ಮ ಒಂದು ಮಾತೂ ಆಡದೆ ಫೋನು ಕೆಳಗಿಟ್ಟಳು. ಎರಡು ವರ್ಷ ಅವಳು ದೇವರ ಹತ್ತಿರ ದಿನಾ ಅವನ ಹೆಸರು ಹೇಳಿದಳು, ಅವನ ಹತ್ತಿರ ಮಾತ್ರ ಮಾತಾಡಲಿಲ್ಲ. ಆ ಎರಡು ವರ್ಷದ ಮೌನದ ಪಕ್ಕದಲ್ಲೇ ಕೂತು ಊಟ ಮಾಡಿದವನು ಫೆರೆಟಿ. ಅಂಥ ಮೌನ ತನ್ನ ಪಾಲಿಗೂ ಬಂದರೆ ತಡೆಯಲಾರೆ ಎಂದು ಅವನಿಗೆ ಗೊತ್ತಿತ್ತು.

"ಅಣ್ಣ ಎಡವಿದ್ದು ಯೋಜನೆ ಇಲ್ದೆ. ನನ್ನ ಹತ್ರ ಯೋಜನೆ ಇದೆ!" ಎಂದು ವೆಸ್ನಾಳ ಮುಂದೆ ಎದೆಯುಬ್ಬಿಸಿದ. "ಕೆಲಸದ ಕಡೆ ಲಾಟರೀಲಿ ಚೀಟಿ ಬಂತು ಅಂತ ಅಮ್ಮನಿಗೆ ಹೇಳ್ತೀನಿ. ದೋಣಿ, ತೋಟ, ಊಟ ಎಲ್ಲಾ ಸೇರಿ. ನೀನು ಬಡಿಸೋ ಹುಡುಗಿ. ನನ್ನ ಗುರುತೇ ನಿನಗಿಲ್ಲ. ಅಮ್ಮ ನಿನ್ನ ವಿನಯ ನೋಡಿ ಕರಗ್ತಾಳೆ. ಸಿಹಿ ಬಂದಾಗ ನಾನು ನಿಜ ಹೇಳ್ತೀನಿ."

"ನನ್ನ ವಿನಯ?"

"ಒಂದು ದಿನದ ಮಟ್ಟಿಗೆ."

"ಸುಳ್ಳು ಹೇಳಿ ಒಪ್ಪಿಸೋದಕ್ಕಿಂತ ನಿಜ ಹೇಳಿ ಬೈಸ್ಕೊಳ್ಳೋದು ವಾಸಿ ಅಲ್ವೇನೋ?"

"ನೀನು ನಮ್ಮಮ್ಮನ್ನ ನೋಡಿಲ್ಲ."

"ತೋರಿಸು ಅಂತ ತಾನೆ ಒಂದು ವರ್ಷದಿಂದ ಬಡ್ಕೊಳ್ತಿರೋದು!"

ಫೆಬ್ರವರಿಯ ಒಂದು ಶನಿವಾರ ಗೊತ್ತಾಯಿತು. ಆಕ್ಲೆಂಡಿನ ದೋಣಿಕಟ್ಟೆಯಲ್ಲಿ ಫೆರೆಟಿ ಬಿಳಿ ಅಂಗಿ ತೊಟ್ಟು, ಚೀಟಿ ಹಿಡಿದು, ಕಾಳಗ ಗೆದ್ದ ದಳವಾಯಿಯಂತೆ ನಿಂತಿದ್ದ. ಚರ್ಚಿನ ವ್ಯಾನು ಬಂತು. ಅಮ್ಮ ಇಳಿದಳು, ಭಾನುವಾರದ ಬಿಳಿ ಹ್ಯಾಟು ಶನಿವಾರವೇ ತಲೆಯೇರಿತ್ತು. ಅವಳ ಹಿಂದೆಯೇ ಒಂದು ಪೆಟ್ಟಿಗೆ ಇಳಿಯಿತು. ಇನ್ನೊಂದು ಪೆಟ್ಟಿಗೆ ಇಳಿಯಿತು. ಅಗಲವಾದ ತಟ್ಟೆಯಲ್ಲಿ ಬೆಳ್ಳಿ ಕಾಗದ ಸುತ್ತಿದ ಏನೋ ಒಂದು ಇಳಿಯಿತು. ಕಡೆಗೆ ಬಿಳಿ ದುಪ್ಪಟಿಯಲ್ಲಿ ಸುತ್ತಿದ ಉದ್ದನೆಯ ಸುರುಳಿ.

"ಅಮ್ಮಾ, ಏನಿದು?"

"ಪಿಸುಪೊ." ಪೆಟ್ಟಿಗೆಗೆ ಇಪ್ಪತ್ತನಾಲ್ಕು ಡಬ್ಬಿ, ಉಪ್ಪು ಹಾಕಿದ ದನದ ಮಾಂಸ, ಅದಿಲ್ಲದೆ ಸಮೋವಾದವರ ಮನೆಯಲ್ಲಿ ಹುಟ್ಟೂ ಇಲ್ಲ, ಸಾವೂ ಇಲ್ಲ. "ಅದು ಸುಟ್ಟ ಹಂದೀದು ತೊಡೆ."

"ಅಯ್ಯೋ, ಊಟ ಸೇರಿದೆ ಅಂತ ಹೇಳಿದ್ನಲ್ಲಮ್ಮಾ!"

"ಅದಕ್ಕೇ ತಂದಿದ್ದು. ಊಟ ಹಾಕೋರ ಮನೆಗೆ ಕೈ ಬೀಸ್ಕೊಂಡು ಹೋಗ್ತಾರಾ?"

"ಅದು ಮನೆ ಅಲ್ಲ, ಹೋಟ್ಲು ಇದ್ದ ಹಾಗೆ. ಎಲ್ಲಾ ಚೀಟೀಲೇ ಇದೆ."

"ಚೀಟಿ ಒಲೆ ಹಚ್ಚುತ್ತಾ? ಅಡುಗೆ ಮಾಡೋರು ಮನುಷ್ಯರು ತಾನೆ?"

ಫೆರೆಟಿ ಸುರುಳಿ ಎತ್ತಿಕೊಳ್ಳಲು ಬಗ್ಗಿದ. "ಅದನ್ನ ಮುಟ್ಬೇಡ. ನಾನೇ ಹೊರ್ತೀನಿ" ಎಂದಳು. ಹುಲ್ಲಿನ ಮೇಲೆ ಹಾಸಿಕೊಳ್ಳಲು ಏನೋ ತಂದಿರಬೇಕೆಂದುಕೊಂಡ. ಒಂದರ ಮೇಲೊಂದು ಪೆಟ್ಟಿಗೆ, ಅದರ ಮೇಲೆ ಹಂದಿ, ಹಂದಿಯ ಮೇಲೆ ಗದ್ದ ಇಟ್ಟುಕೊಂಡು ದಳವಾಯಿ ದೋಣಿ ಹತ್ತಿದ.

ದೋಣಿಯ ತುಂಬ ಹುಲ್ಲಿನ ಟೋಪಿಯ, ತಿಳಿಬಣ್ಣದ ಬಟ್ಟೆಯ ಜನ. ಹಂದಿಯ ಘಮ ದೋಣಿಗಿಂತ ಮುಂದೆ ಹೊರಟಿತು. ಅಮ್ಮ ಸುರುಳಿಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕಡಲನ್ನೇ ನೋಡುತ್ತ ಕೂತಿದ್ದಳು.

ದ್ವೀಪದಲ್ಲಿ ಇಳಿದೊಡನೆ ಬಸ್ಸಿನ ಡ್ರೈವರು ಕೂಗಿದ: "ಏನೋ ಫೆರೆಟಿ! ಇವತ್ತು ಗುರುವಾರ ಅಲ್ವಲ್ಲೋ!"

"ಯಾರವನು?" ಎಂದಳು ಅಮ್ಮ.

"ಯಾರೋ ಏನೋ. ಫೆರೆಟಿ ಅನ್ನೋರು ಇಲ್ಲಿ ಬಹಳ ಜನ ಇರಬೇಕು."

ಅಮ್ಮ ಬಸ್ಸು ಹತ್ತಿ ಕೂತು ಕಿಟಕಿಯಾಚೆ ನೋಡಿದಳು.

ತೋಟದ ಬಾಗಿಲಲ್ಲಿ ವೆಸ್ನಾ ಏಪ್ರನ್ ಕಟ್ಟಿ ನಿಂತಿದ್ದಳು. "ಬನ್ನಿ ಅಮ್ಮಾ. ಬನ್ನಿ ಸರ್, ಇದೇ ಮೊದಲ ಸಲಾನಾ?" ಎಂದು ಅಪರಿಚಿತೆಯ ಪಾತ್ರವನ್ನು ಅಚ್ಚುಕಟ್ಟಾಗಿ ಆರಂಭಿಸಿದಳು. ಆದರೆ ವೆಸ್ನಾಗೆ ಪಾಠ ಹೇಳಿಕೊಟ್ಟಿದ್ದ ಫೆರೆಟಿ ಅವಳ ನಾಯಿಗೆ ಹೇಳಿಕೊಟ್ಟಿರಲಿಲ್ಲ. ಅದು ದೂರದಿಂದಲೇ ಅವನನ್ನು ಕಂಡು, ಬಾಲದ ಜೊತೆ ಇಡೀ ಹಿಂಭಾಗವನ್ನೇ ಅಲ್ಲಾಡಿಸುತ್ತ ಓಡಿ ಬಂದು, ಎದೆಗೆ ಎರಡು ಕಾಲು ಕೊಟ್ಟು, ಮುಖ ತೊಳೆಯತೊಡಗಿತು.

"ನಾಯಿಗೆ ನಿನ್ನ ಪರಿಚಯ ಇದೆಯಾ?"

"ಹಂದಿ ವಾಸನೆಗೆ ಅಮ್ಮಾ, ಹಂದಿ ವಾಸನೆಗೆ!"

"ಹಂದಿ ನೆಲದ ಮೇಲಿದೆ. ಅದು ನಿನ್ನ ಕಿವಿ ನೆಕ್ತಿದೆ."

ಕಡಲು ಕಾಣುವ ಜಗಲಿಯಲ್ಲಿ ಮೇಜು ಸಿಕ್ಕಿತು. ಅಮ್ಮನಿಗೆ ಬರಿಯ ದ್ರಾಕ್ಷಿ ಹಣ್ಣಿನ ರಸ ಬಂತು. ಫೆರೆಟಿಗೆ ಐದು ಗ್ಲಾಸು, ತಳ ಮಾತ್ರ ಒದ್ದೆಯಾಗುವಷ್ಟು ವೈನು, ಜೊತೆಗೆ ರುಚಿ ನೋಡಿದ್ದನ್ನು ಉಗುಳಲು ಒಂದು ಪಾತ್ರೆ. ಹೊಸಬನ ಹಾಗೆ ಬಾಯಿ ಮುಕ್ಕಳಿಸಿ ಉಗುಳಿದ.

"ಉಗಿಯೋದಾದ್ರೆ ಬಾಯಿಗ್ಯಾಕೆ ಹಾಕ್ಕೊಂಡೆ?" ಎಂದಳು ಅಮ್ಮ.

ವೆಸ್ನಾ ತುಟಿ ಕಚ್ಚಿಕೊಂಡು ಒಳಗೆ ಓಡಿದಳು. ಬರುವಾಗ ಊಟ ತಂದಳು. ತಟ್ಟೆ ಬಂಡಿಯ ಚಕ್ರದಷ್ಟು. ಅದರ ನಡುವೆ ಕುರಿಮಾಂಸದ ಮೂರು ತೆಳು ಹೋಳು, ಒಂದು ಎಲೆ, ಯಾರೋ ಬೆರಳಲ್ಲಿ ಎಳೆದಂತೆ ಒಂದು ಗೆರೆ ಸಾರು. ಅಮ್ಮ ತಟ್ಟೆಯನ್ನು ಬಹಳ ಹೊತ್ತು ನೋಡಿದಳು. ಅವಳ ಕಣ್ಣು ಮೆತ್ತಗಾಯಿತು.

"ಪಾಪ," ಎಂದಳು ಮೆಲ್ಲಗೆ. "ಇವರಿಗೇ ಇಲ್ಲ. ಆದರೂ ನಮ್ಮನ್ನ ಕರೆದಿದ್ದಾರೆ. ಹಂದಿ ಬಿಚ್ಚೋ."

ಹಂದಿ ಬಿಚ್ಚಿದ್ದಾಯಿತು. ಅಮ್ಮ ಎದ್ದು ನಿಂತು ಕಣ್ಣು ಮುಚ್ಚಿದಳು. ಊಟದ ಮುಂಚಿನ ಪ್ರಾರ್ಥನೆ ಮನೆಯಲ್ಲಿ ನಾಲ್ಕು ನಿಮಿಷ. ಹೊರಗಡೆ ಊಟ ಎಂದ ಮೇಲೆ ಸಹಜವಾಗಿಯೇ ಹತ್ತು. ಆ ಗಂಭೀರ ಕಂಠಕ್ಕೆ ಇಡೀ ಜಗಲಿ ಸ್ತಬ್ಧವಾಯಿತು. ಬಾಯಿಯ ಹತ್ತಿರ ಹೋದ ಮುಳ್ಳುಚಮಚಗಳು ಅಲ್ಲೇ ನಿಂತವು. ಒಬ್ಬ ಮುದುಕ ಟೋಪಿ ತೆಗೆದ. ಆಮೆನ್ ಆದದ್ದೇ ಅಮ್ಮ ಮೇಜಿನಿಂದ ಮೇಜಿಗೆ ನಡೆದು ಎಲ್ಲರ ತಟ್ಟೆಗೂ ಹಂದಿ ಬಡಿಸಿದಳು. ಯಾರೂ ಬೇಡ ಎನ್ನಲಿಲ್ಲ. ಆ ತಟ್ಟೆಗಳಲ್ಲಿ ಜಾಗಕ್ಕೇನೂ ಬರವಿರಲಿಲ್ಲ.

"ಮಗಳೇ," ಎಂದಳು ಆಮೇಲೆ ವೆಸ್ನಾಗೆ, "ಮನೆ ಯಜಮಾನರನ್ನ ಕರಿ."

ನಟನೆ ಬಾರದವನೆಂದು ಹಿತ್ತಲಲ್ಲಿ ಅಡಗಿಸಿಟ್ಟಿದ್ದ ನಿಕೊಲಾ ರಬ್ಬರ್ ಬೂಟಿನಲ್ಲೇ ಬಂದ. ಅಮ್ಮ ಪೆಟ್ಟಿಗೆಗಳನ್ನು ಅವನ ಪಾದದ ಬಳಿ ಇಡಿಸಿದಳು. ದುಪ್ಪಟಿ ಬಿಚ್ಚಿ, ಸುರುಳಿಯ ತುದಿ ಹಿಡಿದು ಕೊಡವಿದಳು.

ಫೆರೆಟಿಯ ಕೈಯಲ್ಲಿದ್ದ ಗ್ಲಾಸು ಜಾರಿತು. ಅದು ಅಜ್ಜಿಯ ಚಾಪೆ. ಹನ್ನೊಂದು ತಿಂಗಳು ಹಗಲೆಲ್ಲ ಕೂತು ಅಜ್ಜಿ ನೇಯ್ದ, ಬಟ್ಟೆಯಷ್ಟು ನುಣುಪಾದ, ಅಂಚಿಗೆ ಕೆಂಪು ಗರಿಯ ಚಾಪೆ. ದೊಡ್ಡ ಮದುವೆಗೋ ದೊಡ್ಡ ಸಾವಿಗೋ ಅಲ್ಲದೆ ಅದು ಹಾಸಿಗೆಯ ಕೆಳಗಿನಿಂದ ಹೊರಬಂದದ್ದಿಲ್ಲ. ಅಮ್ಮ ಅದನ್ನು ಒಂದು ಹೊತ್ತಿನ ಊಟಕ್ಕೆ ಕೊಡುತ್ತಿದ್ದಾಳೆ! ಅದೂ ತನ್ನ ಸುಳ್ಳು ಚೀಟಿಯ ಊಟಕ್ಕೆ!

"ಅಮ್ಮಾ, ನಿಲ್ಲು!" ಎಂದು ಎದ್ದ.

ನಿಲ್ಲಲಿಲ್ಲ, ಗಾಳಿ. ಕಡಲ ಕಡೆಯಿಂದ ಬೀಸಿ ಬಂದದ್ದು ಚಾಪೆಯನ್ನು ಅಮ್ಮನ ಕೈಯಿಂದ ಕಿತ್ತುಕೊಂಡಿತು. ಅದು ಜಗಲಿಯ ಮೇಲೆ ಒಂದು ಸುತ್ತು ಹಾಕಿ, ಕೆಂಪು ಗರಿ ಬಿಚ್ಚಿ, ತೋಟದತ್ತ ಹೊರಟಿತು. ಫೆರೆಟಿ ಕಟ್ಟೆ ಹಾರಿದ. ಹಣ್ಣಿಗೆ ಹಕ್ಕಿ ಬೀಳದಿರಲೆಂದು ದ್ರಾಕ್ಷಿ ಸಾಲುಗಳಿಗೆಲ್ಲ ಬಿಳಿ ಬಲೆ ಹೊದಿಸಿತ್ತು. ಮೂರನೇ ಸಾಲಿನ ಮೇಲೆ ನೆಗೆದು ಚಾಪೆಯನ್ನು ಎರಡೂ ಕೈಯಲ್ಲಿ ಹಿಡಿದ. ಬಲೆ ಅವನನ್ನು ಹಿಡಿಯಿತು. ಒದ್ದಾಡಿದಷ್ಟೂ ಸುತ್ತಿಕೊಂಡು, ಕಡೆಗೆ ಕಾಲು ಮೇಲೆ, ತಲೆ ಕೆಳಗೆ, ಚಾಪೆ ಎದೆಗೆ. ನೂರಾ ಹತ್ತು ಕಿಲೋದ ಗುಬ್ಬಚ್ಚಿ.

"ಫೆರೆಟೀ!" ವೆಸ್ನಾ ಕತ್ತರಿ ಹಿಡಿದು ಓಡಿ ಬಂದಳು. "ಅಲ್ಲಾಡಬೇಡ್ವೋ ಕೋಣ! ಹೋದ ವರ್ಷಾನೂ ಇದೇ ಬಲೇಲಿ ತಾನೆ ಸಿಕ್ಕಾಕ್ಕೊಂಡಿದ್ದೆ? ಎಷ್ಟು ಗುರುವಾರ ಹೇಳಿದ್ದೀನಿ, ಸಾಲಿನ ಮೇಲೆ ನೆಗೀಬೇಡ ಅಂತ!"

ಹೇಳಿಯಾದ ಮೇಲೆ ಅವಳಿಗೆ ತಾನು ಹೇಳಿದ್ದು ಕೇಳಿಸಿತು. ಹಿಂದೆ ಅಮ್ಮ ನಿಂತಿದ್ದಳು.

ತಲೆಕೆಳಗಾದ ಮನುಷ್ಯನಿಗೆ ಸುಳ್ಳು ಹೊಳೆಯುವುದಿಲ್ಲ. "ಅಮ್ಮಾ," ಎಂದ ಫೆರೆಟಿ, "ಚೀಟಿ ಲಾಟರೀದಲ್ಲ."

"ಗೊತ್ತು."

"ಈ ಹುಡುಗಿ..."

"ಗೊತ್ತು."

"ಯಾವಾಗಿಂದ?"

"ಮೂರು ವರ್ಷದಿಂದ ಪೆಟ್ಟಿಗೆ ಹೊರ್ತಿದ್ದೋನು, ಒಂದಿನ ಇದ್ದಕ್ಕಿದ್ದ ಹಾಗೆ ಗುರುವಾರದ ಅಂಗಿಗೆ ಇಸ್ತ್ರಿ ಹಾಕೋಕೆ ಶುರು ಮಾಡ್ದೆ. ಖಾಲಿ ಬಾಟ್ಲಿಗೆ ಇಸ್ತ್ರಿ ಅಂಗಿ ಯಾಕೋ?"

"ಮತ್ತೆ... ಯಾಕೆ ಕೇಳ್ಲಿಲ್ಲ?"

ಅಮ್ಮ ಹ್ಯಾಟು ಸರಿಮಾಡಿಕೊಂಡಳು. "ನೀನು ಹೇಳ್ತೀಯಾ ಅಂತ ಕಾದೆ. ನಿಮ್ಮಣ್ಣ ಮದುವೆ ಆದ ಅಂತ ನನಗೆ ಸಿಟ್ಟಿರಲಿಲ್ಲ ಕಣೋ. ಅವತ್ತು ನಾನು ಪೆಟ್ಟಿಗೆ ಕಟ್ಟಲಿಲ್ಲ, ಚಾಪೆ ತೆಗೀಲಿಲ್ಲ. ನನ್ನ ಮಗನ ಮದುವೇಲಿ ನಾನು ಬರಿಗೈಯಲ್ಲಿ ಫೋನು ಹಿಡ್ಕೊಂಡು ನಿಂತಿದ್ದೆ."

ವೆಸ್ನಾ ಒಂದೊಂದೇ ಎಳೆ ಕತ್ತರಿಸಿದಳು. ಬಿಡಿಸಿಕೊಂಡ ಫೆರೆಟಿ ಮಣ್ಣಿಗೆ ಬಿದ್ದ. ಚಾಪೆಗೆ ಮಣ್ಣು ತಾಕಲಿಲ್ಲ. ಅಮ್ಮ ಚಾಪೆ ಕೊಡವಿ, ಗರಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಅದನ್ನು ವೆಸ್ನಾಳ ತೋಳಿನ ಮೇಲಿಟ್ಟಳು.

"ನಮ್ಮಲ್ಲಿ ಗಂಡಿನ ಕಡೆಯೋರು ಪಿಸುಪೊ, ಹಂದಿ ತರ್ತಾರೆ. ಹೆಣ್ಣಿನ ಕಡೆಯೋರು ಚಾಪೆ ತರ್ತಾರೆ. ನಿಮ್ಮ ಹತ್ರ ಚಾಪೆ ಎಲ್ಲಿಂದ ಬರಬೇಕು? ಅದಕ್ಕೆ ಎರಡೂ ಕಡೇದು ನಾನೇ ತಂದೆ. ಈಗ ಇದು ನಿಂದು ಮಗಳೇ. ಎತ್ಕೊಂಡು ಬಂದು ನನಗೆ ಕೊಡು."

ವೆಸ್ನಾ ಚಾಪೆ ಎತ್ತಿಕೊಂಡು ಎರಡು ಹೆಜ್ಜೆ ನಡೆದು, ಮೊಣಕಾಲೂರಿ ಕೊಟ್ಟಳು. ಅಮ್ಮ ತೆಗೆದುಕೊಂಡಳು. ಇಬ್ಬರೂ ಅತ್ತರು. ನಿಕೊಲಾ ಮೂಗೊರೆಸಿಕೊಂಡು, "ತಾಳಿ ಅಕ್ಕಾ, ತಾಳಿ, ಹಂಗೇ ಹೋಗೋ ಹಂಗಿಲ್ಲ!" ಎಂದು ಬೂಟು ಬಡಿಯುತ್ತ ಉಗ್ರಾಣಕ್ಕೆ ಓಡಿದ. ಎರಡು ಡಬ್ಬ ಆಲಿವ್ ಎಣ್ಣೆ, ಹೊಗೆಯಲ್ಲಿ ಒಣಗಿಸಿದ ಹಂದಿಯ ತೊಡೆ, ಎರಡು ಬುಟ್ಟಿ ದ್ರಾಕ್ಷಿ ತಂದ. ವೈನು ಮಾತ್ರ ತರಲಿಲ್ಲ. ಅಷ್ಟು ತಿಳಿವಳಿಕೆ ಅವನಿಗಿತ್ತು.

ಸಂಜೆಯ ದೋಣಿಗೆ ಫೆರೆಟಿ ಬಂದಾಗಿನದಕ್ಕಿಂತ ಹೆಚ್ಚು ಹೊತ್ತುಕೊಂಡು ಹತ್ತಿದ. ಬಿಳಿ ಅಂಗಿ ಎರಡು ಕಡೆ ಹರಿದಿತ್ತು. ಇಸ್ತ್ರಿಯ ಗೆರೆ ಎಲ್ಲೂ ಉಳಿದಿರಲಿಲ್ಲ. ಅಮ್ಮ ಚಾಪೆಯ ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು, ಫೋನು ತೆಗೆದು, ಮೂರು ವರ್ಷದಲ್ಲಿ ಮೊದಲ ಸಲ ತಾನಾಗಿಯೇ ಬ್ರಿಸ್ಬೇನಿಗೆ ಕರೆ ಮಾಡಿದಳು. "ಸೆಮಿಸಿ, ನಿನ್ನ ತಮ್ಮನ ಮದುವೆ. ಹೆಂಡತೀನ ಕರ್ಕೊಂಡು ಬಾ. ಅವಳಿಗೂ ಒಂದು ಚಾಪೆ ತೆಗೆದಿಟ್ಟಿದ್ದೀನಿ" ಎಂದು ಹೇಳಿ ಇಟ್ಟಳು.

ಫೆರೆಟಿ ಹೊರೆ ಇಳಿಸಿ ಪಕ್ಕದಲ್ಲಿ ಕೂತ. ಬೆಳಿಗ್ಗೆಯಿಂದ ಬೆನ್ನನ್ನೂ ಮನಸ್ಸನ್ನೂ ಕೊರೆಯುತ್ತಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟ.

"ಅಮ್ಮಾ, ಹೆಣ್ಣು ಕೇಳೋ ಶಾಸ್ತ್ರಕ್ಕೆ ಪಿಸುಪೊ ಒಂದು ಪೆಟ್ಟಿಗೆ ಸಾಕಿತ್ತಲ್ವಾ? ಎರಡು ಯಾಕೆ ತಂದೆ?"

ಅಮ್ಮ ಅವನನ್ನು ತಲೆಯಿಂದ ಪಾದದವರೆಗೆ ಒಮ್ಮೆ ನೋಡಿದಳು.

"ಮೊದಲು ಒಂದೇ ಕಟ್ಟಿದ್ದೆ. ಆಮೇಲೆ ನಿನ್ನ ಮುಖ ನೋಡಿದೆ."