ಮಾವನ ಕನ್ನಡಕದಲ್ಲಿ ಎರಡು ಬಳೆ

ಅಳಿಯ ಹೊಸದಾಗಿ ತಂದಿದ್ದ ರಿಂಗ್ ಲೈಟು ಅವನ ಫೋಟೋ ಸ್ಟುಡಿಯೋದ ನಡುವೆ ಉರಿಯುತ್ತಿತ್ತು. ಮುಖದ ಮೇಲೆ ನೆರಳು ನಿಲ್ಲಗೊಡದ ದುಂಡು ದೀಪ. ಅದರ ಮುಂದೆ ಮಾವ ಕೂತಿದ್ದರು. ಮೂವತ್ತು ವರ್ಷ ಹೆಡ್ಮಾಸ್ಟರಾಗಿ ನಿವೃತ್ತರಾದವರು. ಶಾಲೆಯ ಗೋಡೆಗೆ ಅವರ ಫೋಟೋ ಅಂದು ಸಂಜೆಯೇ ಏರಬೇಕಿತ್ತು. ಫೋಟೋ ತೆಗೆಯುವುದೂ ಒಂದು ಕೆಲಸವೇ ಎಂದು ಮದುವೆಯ ದಿನದಿಂದ ಮೂಗು ಮುರಿಯುತ್ತಿದ್ದ ಆ ಬಾಯಲ್ಲಿ ಒಂದು 'ಭೇಷ್' ಕೇಳಬೇಕೆಂಬುದು ಅಳಿಯನ ಆಸೆ.

ಆದರೆ ಕನ್ನಡಕದ ಎರಡೂ ಗಾಜಿನಲ್ಲಿ ಆ ದೀಪದ್ದೇ ಒಂದೊಂದು ಬಿಳಿ ಬಳೆ! ಕಣ್ಣೇ ಕಾಣುತ್ತಿರಲಿಲ್ಲ.

"ಗದ್ದ ಇಳಿಸಿ ಸಾರ್," ಎಂದ ಪಕ್ಕದಂಗಡಿಯ ಟೈಲರು, ಯಾರೂ ಕರೆಯದಿದ್ದರೂ ಬಂದು ನಿಂತು. ಇಳಿಸಿದರೆ ಮಾವ ತೂಕಡಿಸುವಂತೆ ಕಂಡರು. ದೀಪ ಎತ್ತರಿಸಿದರೆ ಹುಬ್ಬಿನ ನೆರಳು ಕಣ್ಣಿಗೆ ಬಿತ್ತು.

"ಮಾವ, ಒಂದು ನಿಮಿಷ ಕನ್ನಡಕ ತೆಗೀತೀರಾ?"

"ಇದಿಲ್ದೆ ನಿಮ್ಮತ್ತೆ ಕೂಡ ನನ್ನ ಸರಿಯಾಗಿ ನೋಡಿಲ್ಲ. ತೆಗೆಯೋ ಮಾತೇ ಇಲ್ಲ."

ಅಳಿಯ ತಲೆ ಓಡಿಸಿದ. ಒರೆಸಿಕೊಡುವ ನೆಪದಲ್ಲಿ ಕನ್ನಡಕವನ್ನು ಒಳಗೊಯ್ದು, ಸ್ಕ್ರೂ ಸಡಿಲಿಸಿ, ಗಾಜೆರಡನ್ನೂ ತೆಗೆದಿಟ್ಟು ಬರೀ ಫ್ರೇಮು ತಂದುಕೊಟ್ಟ. ಮಾವ ಹಾಕಿಕೊಂಡು ಎಂದಿನಂತೆ ನೆಟ್ಟಗೆ ಕೂತರು. ಬದುಕಿದೆ ಎಂದುಕೊಂಡು ಅಳಿಯ ಫೋಟೋ ತೆಗೆದ. ಆ ಗದರುವ ಮುಖದಲ್ಲಿ ಅಷ್ಟು ಮೆತ್ತಗಿನ ಕಣ್ಣುಗಳಿವೆಯೆಂದು ಅವನಿಗೆ ಅಂದೇ ಗೊತ್ತಾದದ್ದು. ಕೂಡಲೇ ಒಂದು ಪ್ರಿಂಟು ತೆಗೆದು ಮೇಜಿನ ಮೇಲಿಟ್ಟ.

ಅಷ್ಟರಲ್ಲಿ ಒಳಗಿನಿಂದ ಟೈಲರನ ದನಿ: "ಏನೋ ಗಾಜು ಬಿತ್ತಣ್ಣಾ, ನಾನು ಮುಟ್ಟೇ ಇಲ್ಲ!" ಹೇಳಿದವನು ಹಿಂಬಾಗಿಲಿನಿಂದ ಪರಾರಿ.

ಮಾವನ ಕೈಗೆ ಪೇಪರು ಕೊಟ್ಟು, ಚೂರುಗಳನ್ನೂ ಉಳಿದೊಂದು ಗಾಜನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಅಳಿಯ ಕನ್ನಡಕದಂಗಡಿಗೆ ಓಡಿದ. ಅಂಗಡಿಯವನು ಉಳಿದ ಗಾಜನ್ನು ಪೇಪರಿನ ಅಕ್ಷರಗಳ ಮೇಲೆ ಹಿಡಿದು ಅತ್ತಿತ್ತ ಆಡಿಸಿದ.

"ಇದಕ್ಕೆ ಪವರೇ ಇಲ್ವಲ್ಲ! ಕಿಟಕಿ ಗಾಜು ಹಾಕಿದ್ರೂ ನಡೆಯುತ್ತೆ."

ಹೊಸ ಗಾಜು ಹಿಡಿದು ವಾಪಸು ಬಂದಾಗ ಮಾವ ಬರೀ ಫ್ರೇಮಿನಲ್ಲೇ ಪೇಪರು ಓದಿ ಮುಗಿಸಿದ್ದರು. ಆದರೆ ಹುಬ್ಬು ತುರಿಸಲು ಹೋದ ಬೆರಳು ಫ್ರೇಮು ದಾಟಿ ಒಳಗೇ ನುಗ್ಗಿ, ಒಂದು ಕಣ್ಣು ಕೆಂಪಗಾಗಿತ್ತು. ಇನ್ನೊಂದು ಕಣ್ಣಿನಿಂದ ಅವರು ಫೋಟೋವನ್ನೇ ನೋಡುತ್ತಿದ್ದರು. ಅಳಿಯ ಕರವಸ್ತ್ರ ಬಿಚ್ಚಿಟ್ಟ.

"ಕೆಲಸಕ್ಕೆ ಸೇರಿದ ಹೊಸದ್ರಲ್ಲಿ, ಎಷ್ಟು ಗದರಿದ್ರೂ ಮಕ್ಕಳು ನನ್ನ ಕಣ್ಣು ನೋಡಿ ನಗ್ತಿದ್ವು," ಎಂದರು ಮಾವ. "ಅದಕ್ಕೇ ಈ ಕನ್ನಡಕ ಹಾಕ್ಕೊಂಡೆ. ಗಾಜು ಹೊಳೆದ್ರೆ ಸಾಕು, ಕ್ಲಾಸು ಗಪ್‌ಚಿಪ್." ಆಮೇಲೆ ಮೆಲ್ಲಗೆ, "ಭೇಷಾಗಿ ತೆಗೆದಿದೀಯಪ್ಪ. ಆದ್ರೆ ಗೋಡೆಗೆ ಇದು ಬೇಡ. ಗಾಜು ಹಾಕು, ಇನ್ನೊಂದು ತೆಗಿ. ಈ ವಿಷಯ ನಮ್ಮಿಬ್ಬರಲ್ಲೇ ಇರಲಿ."

ಅಳಿಯ ಮಾತು ಕೊಟ್ಟ. ಗಾಜು ಕೂರಿಸಿ ಮತ್ತೆ ದೀಪ ಹಚ್ಚಿದ.

ಸಂಜೆ ಶಾಲೆಯ ಹಾಲಿನಲ್ಲಿ ಪರದೆ ಸರಿಯಿತು. ಎರಡು ದಪ್ಪ ಬಿಳಿ ಬಳೆಗಳು, ಅವುಗಳ ಸುತ್ತ ಒಬ್ಬ ಹೆಡ್ಮಾಸ್ಟರು, ಕೆಳಗೆ ಸ್ಟುಡಿಯೋದ ಹೆಸರು.

"ಕಣ್ಣೇ ಕಾಣಲ್ಲ! ಗದ್ದ ಇಳಿಸಿ ಅಂತ ನಾನು ಆಗ್ಲೇ ಬಡ್ಕೊಂಡೆ," ಎಂದ ಟೈಲರು ಎಲ್ಲರಿಗೂ ಕೇಳುವಂತೆ. "ಇದೇನ್ಸಾರ್ ಹೀಗೆ?" ಎಂದು ಹತ್ತು ಜನ ಮಾವನನ್ನೇ ಕೇಳಿದರು.

ಮಾವ ಹೊಸ ಗಾಜಿನ ಕನ್ನಡಕ ಸರಿಮಾಡಿಕೊಂಡರು. ಅವರ ಅಂಗಿಯ ಜೇಬಿನಿಂದ ಮೊದಲನೆಯ ಫೋಟೋದ ಅಂಚು ಇಣುಕುತ್ತಿತ್ತು.

"ಏನು ಮಾಡೋದು," ಎಂದರು ದೊಡ್ಡ ಮನಸ್ಸು ಮಾಡಿ. "ಮನೆ ಅಳಿಯ. ಬರೋವಷ್ಟು ತೆಗೆದಿದಾನೆ. ನೀವ್ಯಾರೂ ಬೈಬೇಡಿ."